ಗೋಡೆ ಮೇಲಿನ ಮುಖ, ಮಗಳ ಎರಡನೇ ಸೂಜಿ

ನಮ್ಮ ಮನೇಲಿ ನೀರಿಗೆ ಜಗಳ ಇಲ್ಲ, ಜಾಗಕ್ಕೆ ಜಗಳ ಇಲ್ಲ, ಸೊಸೆಯಂದಿರ ಮಧ್ಯೆಯಂತೂ ಇಲ್ಲವೇ ಇಲ್ಲ. ಜಗಳ ಅಂತ ಏನಾದ್ರೂ ನಡೆದ್ರೆ ಅದು ನಮ್ಮ ಹೊಸ್ತಿಲನ್ನೇ ತುಳಿಯದ ಇಬ್ಬರು ದೊಡ್ಡ ಮನುಷ್ಯರ ಸಲುವಾಗಿ. ಒಬ್ಬರಿಗೆ ಮೀಸೆ, ಇನ್ನೊಬ್ಬರಿಗೆ ಕನ್ನಡಕ. ನಿಮ್ಮ ಮನೇಲೂ ಹೀಗೇನಾ? ಹಾಗಾದ್ರೆ ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ, ನಮ್ಮ ಕಥೆ ಹೇಳ್ತೀನಿ.

ನಂಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಪೇಂಟರ್‌ಗಳು. ಸುಣ್ಣ ಬಳಿಯೋರು ಅಂದ್ಕೋಬೇಡಿ ಮತ್ತೆ! ಅಂಗಡಿ ಬೋರ್ಡು, ಗೋಡೆ ಬರಹ, ದೊಡ್ಡವರ ಚಿತ್ರ, ಇವೆಲ್ಲ ಅವರ ಕೆಲಸ. ದೊಡ್ಡವನ ಕೈಯಲ್ಲಿ ಮುಖ ಬರುತ್ತೆ, ಚಿಕ್ಕವನ ಕೈಯಲ್ಲಿ ಅಕ್ಷರ. ದೊಡ್ಡವನು ಒಂದು ಅಕ್ಷರ ಬರೆದ್ರೆ ಅದಕ್ಕೆ ಹೊಟ್ಟೆನೋವು ಬಂದು ಮುದುಡಿಕೊಂಡ ಹಾಗಿರುತ್ತೆ. ಚಿಕ್ಕವನು ಮುಖ ಬಿಡಿಸಿದ್ರೆ ಗಂಡೋ ಹೆಣ್ಣೋ ಅಂತ ಕೆಳಗೆ ಬರೆದು ತಿಳಿಸ್ಬೇಕು. ಹಾಗಾಗಿ ಒಂದು ಗೋಡೆ ಕೆಲಸ ಸಿಕ್ಕಿದ್ರೆ ಇಬ್ಬರೂ ಹೋಗ್ಲೇಬೇಕು. ಏಣಿ ಒಂದೇ, ಒಬ್ಬ ಹತ್ತಿದ್ರೆ ಇನ್ನೊಬ್ಬ ಹಿಡ್ಕೋಬೇಕು.

ಏಣಿ ಹಿಡ್ಕೊಂಡೇ ಜಗಳ ಆಡ್ತಾರೆ ಅನ್ನೋದು ಬೇರೆ ಮಾತು.

ದೊಡ್ಡವನಿಗೆ ಆಗ ನಮ್ಮ ಎಮ್ಮೆಲ್ಲೆ ಆಗಿದ್ದ ಮೀಸೆ ಸಾಹೇಬರು ಅಂದ್ರೆ ಪ್ರಾಣ. ಯಾಕೆ ಅಂದ್ರೆ, ಒಂದ್ಸಲ ಬಸ್ ನಿಲ್ದಾಣದ ಗೋಡೆ ಮೇಲೆ ಇವನು ಅವರ ಚಿತ್ರ ಬರೀತಿದ್ದಾಗ ಅವರೇ ಕಾರು ನಿಲ್ಲಿಸಿ ಇಳಿದ್ರಂತೆ. ತಮ್ಮ ಮುಖ ತಾವೇ ನೋಡಿ, ಇವನ ಬೆನ್ನು ತಟ್ಟಿ, "ಏನಪ್ಪಾ, ನಂಗಿಂತ ನಾನೇ ಚೆನ್ನಾಗಿದ್ದೀನಲ್ಲ!" ಅಂದ್ರಂತೆ. ಅಷ್ಟೇ. ಅವತ್ತಿಂದ ಇವನು ಅವರ ಭಕ್ತ. ಅವರು ತಟ್ಟಿದ ಆ ಅಂಗಿ ಒಗೆಯೋಕೇ ಕೊಡಲಿಲ್ಲ ಅಂತ ನಮ್ಮ ದೊಡ್ಡ ಸೊಸೆ ಇವತ್ತಿಗೂ ಆಡ್ಕೊಳ್ತಾಳೆ.

ಚಿಕ್ಕವನಿಗೆ ಅದೇ ಮೀಸೆ ಕಂಡ್ರೆ ಮೈಯೆಲ್ಲ ಉರಿ. ಅದಕ್ಕೂ ಕಾರಣ ಇದೆ. ನಮ್ಮ ಬೀದಿಗೆ ಪೈಪ್ ಹಾಕಿಸ್ತೀನಿ ಅಂತ ಸಾಹೇಬರು ಉದ್ದಕ್ಕೂ ಗುಂಡಿ ತೋಡಿಸಿದ್ರು. ಪೈಪೂ ಬರಲಿಲ್ಲ, ಗುಂಡಿಯೂ ಮುಚ್ಚಲಿಲ್ಲ. ಒಂದಿನ ಚಿಕ್ಕವನು ಹಸಿರು ಬಣ್ಣದ ಡಬ್ಬಿ ಹಿಡ್ಕೊಂಡು ಬರ್ತಾ ಅದರೊಳಗೆ ಬಿದ್ದ. ಮೇಲೆ ಎದ್ದು ಬಂದಾಗ ತಲೆಯಿಂದ ಕಾಲಿನವರೆಗೂ ಹಸಿರು! ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವನಿಗೆ ಮಾತ್ರ ನಗು ಬರಲಿಲ್ಲ, ಕಾಲು ಉಳುಕಿತ್ತು.

"ಮೂಗಿಗೆ ತುಪ್ಪ ಸವರೋ ಜನ ಅಮ್ಮ ಇವರು," ಅಂತಿದ್ದ. "ಇನ್ಮೇಲೆ ಆ ಮನುಷ್ಯ ಸೂರ್ಯ ಪೂರ್ವದಲ್ಲಿ ಹುಟ್ತಾನೆ ಅಂದ್ರೂ ನಾನು ಒಂದ್ಸಲ ಪಶ್ಚಿಮಕ್ಕೆ ತಿರುಗಿ ನೋಡ್ತೀನಿ."

ನಗಬೇಡಿ. ಈಗ ಮುಂದೆ ಕೇಳಿ.

ಹೋದ ವರ್ಷ ಆರೋಗ್ಯ ಕೇಂದ್ರದ ಹೊರಗೋಡೆಗೆ ಬರೆಯೋ ಕೆಲಸ ಬಂತು. ಪುಟ್ಟ ಮಕ್ಕಳಿಗೆ ದಡಾರ ಬರದ ಹಾಗೆ ಲಸಿಕೆ ಹಾಕ್ತಾರಲ್ಲ, ಅದರ ವಿಷಯ. ದೊಡ್ಡವನು ಎಡಗಡೆ ಮೀಸೆ ಸಾಹೇಬರ ಮುಖ ಬಿಡಿಸಿದ. ಚಿಕ್ಕವನು ಹಲ್ಲು ಕಚ್ಕೊಂಡು ಬಲಗಡೆ ಬರೆದ: "ನಿಮ್ಮ ಮಗುವಿಗೆ ದಡಾರ–ರುಬೆಲ್ಲಾ ಲಸಿಕೆ ಹಾಕಿಸಿ. ಎರಡು ಡೋಸ್ ತಪ್ಪದೆ ಕೊಡಿಸಿ. ಉಚಿತ." ಅಕ್ಷರ ಮಾತ್ರ ಮುತ್ತಿನ ಹಾಗಿತ್ತು, ಹೆತ್ತವಳು ಅಂತ ಹೊಗಳ್ತಿಲ್ಲ.

ಅದೇ ಹೊತ್ತಿಗೆ ನಮ್ಮ ಮನೇಲೂ ಎರಡು ತೊಟ್ಟಿಲು ತೂಗ್ತಿದ್ವು. ದೊಡ್ಡವನಿಗೆ ಮಗಳು, ಅವಳನ್ನ ಪುಟ್ಟಿ ಅಂತೀವಿ. ಚಿಕ್ಕವನಿಗೆ ಮಗ, ಅವನು ಗುಂಡ. ಒಂದೇ ತಿಂಗಳಲ್ಲಿ ಹುಟ್ಟಿದವು. ಪುಟ್ಟಿಗೆ ಎರಡು ಹಲ್ಲು ಮೊದಲು ಬಂತು, ಗುಂಡನಿಗೆ ಧ್ವನಿ ಮೊದಲು ಬಂತು.

ಲಸಿಕೆ ದಿನ ದೊಡ್ಡವನು ಸೂರ್ಯ ಹುಟ್ಟೋ ಮುಂಚೆಯೇ ಎದ್ದ. ಪುಟ್ಟಿಗೆ ಹೊಸ ಅಂಗಿ ಹಾಕಿಸಿದ. "ನಮ್ಮ ಸಾಹೇಬರ ಕಾರ್ಯಕ್ರಮ ಅಮ್ಮ, ನಾವೇ ಮೊದಲು ಹೋಗ್ಬೇಕು," ಅಂತ ಹೋಗಿ ಬಾಗಿಲು ತೆಗೆಯೋಕೆ ಮುಂಚೆಯೇ ನಿಂತ. ಮೊದಲನೇ ಡೋಸ್ ಹಾಕಿಸ್ಕೊಂಡು ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಬಂದ, ಅವನೇ ಎಲೆಕ್ಷನ್ ಗೆದ್ದ ಹಾಗೆ.

ಚಿಕ್ಕವನು ಜಪ್ಪಯ್ಯ ಅಂದ್ರೂ ಹೋಗಲಿಲ್ಲ. "ಗುಂಡಿ ಮುಚ್ಚೋಕೆ ಆಗದವರು ನನ್ನ ಮಗುಗೆ ಸೂಜಿ ಚುಚ್ತಾರಾ? ಅದರೊಳಗೆ ಏನಿದೆಯೋ ಯಾರಿಗ್ಗೊತ್ತು? ಪುಕ್ಕಟೆ ಕೊಡ್ತಾರೆ ಅಂದ್ರೇನೇ ಅನುಮಾನ ಬರ್ಬೇಕು."

ಸಂಜೆ ನರ್ಸಮ್ಮ ಮನೆಗೇ ಬಂದ್ರು. ನಮ್ಮ ಬೀದಿಗೆಲ್ಲ ಬೇಕಾದ ಹೆಂಗಸು. ನಮ್ಮ ಇಬ್ಬರು ಸೊಸೆಯರ ಬಸಿರು ಬಾಣಂತನ ನೋಡ್ಕೊಂಡಿದ್ದೂ ಅವರೇ. "ಗುಂಡ ಬರಲಿಲ್ಲವಲ್ಲಾ?" ಅಂದ್ರು.

"ಅವನು ಅವರಮ್ಮನ ಜೊತೆ ಅಜ್ಜಿ ಮನೆಗೆ ಹೋಗಿದ್ದಾನೆ," ಅಂದ ಚಿಕ್ಕವನು.

ಒಳಗಿಂದ ಗುಂಡ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದ.

"ಅಜ್ಜಿ ಮನೆ ಬಹಳ ಹತ್ತಿರ ಇದ್ದ ಹಾಗಿದೆ," ಅಂದ್ರು ನರ್ಸಮ್ಮ. ಬೈಯಲಿಲ್ಲ. "ಮನಸ್ಸು ಬದಲಾದಾಗ ಕರ್ಕೊಂಡು ಬಾರಪ್ಪ, ಬಾಗಿಲು ತೆಗೆದಿರುತ್ತೆ," ಅಂತ ಹೇಳಿ ಹೋದ್ರು. ನಂಗೆ ನಾಚಿಕೆಯಿಂದ ತಲೆ ಎತ್ತೋಕೆ ಆಗಲಿಲ್ಲ.

ಆಮೇಲೆ ಎಲೆಕ್ಷನ್ ಬಂತು. ಮೀಸೆ ಸಾಹೇಬರು ಸೋತ್ರು, ಕನ್ನಡಕದ ಮೇಡಂ ಗೆದ್ರು. ಮೇಡಂ ಬಂದ ಹೊಸದರಲ್ಲೇ ನಮ್ಮ ಬೀದಿ ಗುಂಡಿ ಮುಚ್ಚಿಸಿದ್ರು. ಚಿಕ್ಕವನು ಅದರ ಮೇಲೆ ನಿಂತು ಕಾಲು ಕುಟ್ಟಿ ಕುಟ್ಟಿ ನೋಡಿದ. "ನೋಡಮ್ಮ, ಇದು ಕೆಲಸ ಅಂದ್ರೆ!" ಅಂದ. ಅವತ್ತಿಂದ ಇವನು ಮೇಡಂ ಭಕ್ತ. ದೊಡ್ಡವನು ಮನೇಲಿ ಸಾವಾಗಿದೆಯೇನೋ ಅನ್ನೋ ಹಾಗೆ ಗೋಡೆಗೆ ಮುಖ ಮಾಡಿ ಮಲಗಿದ. ಊಟಕ್ಕೆ ಕರೆದ್ರೆ "ಮೇಡಮ್ಮನ್ನೇ ಕರೀರಿ" ಅಂತಿದ್ದ. ಆದ್ರೂ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರ್ತಿದ್ದ ಅನ್ನಿ.

ಆರೋಗ್ಯ ಕೇಂದ್ರದಿಂದ ಮತ್ತೆ ಕೆಲಸ ಬಂತು. ಮೀಸೆ ಅಳಿಸಿ ಕನ್ನಡಕ ಬರೀಬೇಕು. ದೊಡ್ಡವನು ಬೇಡ ಅಂತಿದ್ದ, ಹೊಟ್ಟೆ ಕೇಳ್ಬೇಕಲ್ಲ? ಹೋದ. ಮುಖವನ್ನ ಕೆರೆದು ಬಿಳಿ ಬಳಿದ. ಮೀಸೆ ಜಾಗದಲ್ಲಿ ಮಾತ್ರ ಎಷ್ಟು ಬಿಳಿ ಬಳಿದ್ರೂ ಕಪ್ಪು ಹೋಗದೆ ಸತಾಯಿಸಿತಂತೆ. ಅದು ಹೋಗೋವರೆಗೂ ಮೇಡಂಗೆ ಸಣ್ಣ ಮೀಸೆ ಇತ್ತು ಅಂತ ಚಿಕ್ಕವನು ಇವತ್ತಿಗೂ ಕೋಪ ಮಾಡ್ಕೊಳ್ತಾನೆ. ಬಲಗಡೆಯ ಅಕ್ಷರಗಳನ್ನ ಯಾರೂ ಮುಟ್ಟಲಿಲ್ಲ. ಗಟ್ಟಿಯಾಗಿ ಚೆನ್ನಾಗೇ ಇದ್ವು.

ಚಿಕ್ಕವನ ಕೈ ಸುಮ್ಮನಿರಬೇಕಲ್ಲ! ಮೇಡಂ ಮೇಲಿನ ಅಭಿಮಾನಕ್ಕೆ ಕೆಳಗೆ ತನ್ನದೇ ಒಂದು ಸಾಲು ಸೇರಿಸಿದ: "ಒಂದೇ ಸೂಜಿ, ಎಲ್ಲ ಕಾಯಿಲೆ ಮಾಯ!" ಸುತ್ತ ಬಳ್ಳಿ, ಹೂ, ನಕ್ಷತ್ರ. ಕೇಳಿದ್ರೆ, "ಮೇಡಂ ಭಾಷಣದಲ್ಲಿ ಹೇಳಿದ್ರು," ಅಂದ.

ಇಷ್ಟೇ ಆಗಿದ್ದಿದ್ರೆ ನಗ್ತಾ ಇರಬಹುದಿತ್ತು. ಆದ್ರೆ ಹಿಂದಿನ ಬೀದಿಗೆ ದಡಾರ ಬಂತು.

ತರಕಾರಿ ಮಾರೋಳ ಮಗು. ಮೊದಲು ಜ್ವರ, ಕೆಮ್ಮು, ಕಣ್ಣು ಕೆಂಪು. ಆಮೇಲೆ ಮುಖದಿಂದ ಶುರುವಾಗಿ ಮೈಯೆಲ್ಲ ಗಂಧೆ. ಉಸಿರಾಡೋಕೆ ಕಷ್ಟ ಆಗಿ ದೊಡ್ಡಾಸ್ಪತ್ರೆಗೆ ಸೇರಿಸಿದ್ರು. ನಮ್ಮಕ್ಕನ ಒಂದು ಕಣ್ಣು ಹೋಗಿದ್ದು ದಡಾರದಲ್ಲೇ. ನಾವು ಚಿಕ್ಕವರಿದ್ದಾಗ ಈ ಲಸಿಕೆ ನಮ್ಮ ಕಡೆ ಬಂದೇ ಇರಲಿಲ್ಲ. ಇದ್ದಿದ್ರೆ ನಮ್ಮಪ್ಪ ಅವಳನ್ನ ಹೊತ್ಕೊಂಡು ಎಷ್ಟು ದೂರ ಆದ್ರೂ ನಡೀತಿದ್ರು. ಈಗ ಲಸಿಕೆ ಬೀದಿ ತುದಿಗೇ ಬಂದಿದೆ, ಆದ್ರೂ ನನ್ನ ಮೊಮ್ಮಕ್ಕಳಲ್ಲಿ ಒಂದಕ್ಕೆ ಅರ್ಧ ಆಗಿದೆ, ಇನ್ನೊಂದಕ್ಕೆ ಆಗೇ ಇಲ್ಲ. ನಿದ್ದೆ ಹೇಗೆ ಬರುತ್ತೆ ಹೇಳಿ?

ಪುಟ್ಟಿಗೆ ಎರಡನೇ ಡೋಸ್ ಕೊಡೋ ವಯಸ್ಸು ಬಂದಿತ್ತು. ಲಸಿಕೆ ದಿನವೂ ಬಂತು. ದೊಡ್ಡ ಸೊಸೆ ಮಗಳಿಗೆ ತಲೆ ಬಾಚಿ, "ರೀ, ಹೊರಡೋಣ್ವಾ?" ಅಂದ್ಳು.

ದೊಡ್ಡವನು ಬ್ರಷ್ ತೊಳೀತಾ ಕೂತಿದ್ದ. "ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಪುಟ್ಟಿ ಎರಡನೇ ಸೂಜಿಗೆ."

"ಬೇಡ. ಆ ಮೇಡಂ ಸರ್ಕಾರದ ಸೂಜಿ ನನ್ನ ಮಗಳಿಗೆ ಬೇಡ. ಅದರೊಳಗೆ ಏನಿದೆಯೋ ಯಾರಿಗ್ಗೊತ್ತು? ಪುಕ್ಕಟೆ ಕೊಡ್ತಾರೆ ಅಂದ್ರೇನೇ ಅನುಮಾನ ಬರ್ಬೇಕು."

ನಾನು ಕಿವಿ ಉಜ್ಕೊಂಡೆ. ಈ ಮಾತು ಎಲ್ಲೋ ಕೇಳಿದೀನಲ್ಲಾ!

ಅಷ್ಟರಲ್ಲಿ ಚಿಕ್ಕವನು ಗುಂಡನಿಗೆ ಹೊಸ ಅಂಗಿ ಹಾಕಿಸ್ಕೊಂಡು ಹೊರಗೆ ಬಂದ. "ನಮ್ಮ ಮೇಡಂ ಕಾರ್ಯಕ್ರಮ ಅಮ್ಮ, ನಾವೇ ಮೊದಲು ಹೋಗ್ಬೇಕು!"

"ಲೋ, ಹೋದ ವರ್ಷ ವಿಷ ಅಂದೆ, ಈಗ ಅಮೃತ ಆಯ್ತಾ?" ಅಂದ ದೊಡ್ಡವನು.

"ಹೋದ ವರ್ಷ ನಿನಗೆ ಅಮೃತ, ಈಗ ವಿಷ ಆಯ್ತಾ ಅಣ್ಣ?" ಅಂದ ಚಿಕ್ಕವನು.

"ನಿಮ್ಮ ಮೇಡಂನ ನಂಬೋರುಂಟಾ?"

"ನಿಮ್ಮ ಸಾಹೇಬರು ತೋಡಿದ ಗುಂಡೀಲಿ ಬಿದ್ದಿದ್ದು ನೀನಾ ನಾನಾ?"

ಪುಟ್ಟಿ ಅಳೋಕೆ ಶುರು ಮಾಡಿದ್ಳು. ಅವಳು ಅತ್ತಳು ಅಂತ ಗುಂಡನೂ ಅತ್ತ. ನಂಗೆ ಪಿತ್ತ ನೆತ್ತಿಗೇರಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಸಾಹೇಬರು ಮೇಡಂ ಜಗಳದಲ್ಲಿ ನನ್ನ ಮೊಮ್ಮಕ್ಕಳು!

"ಮುಚ್ರೋ ಬಾಯಿ ಇಬ್ಬರೂ!" ಅಂತ ಕೂಗಿದೆ. "ಏ ದೊಡ್ಡವನೇ, ಆ ಗೋಡೆ ಮೇಲೆ ನೀನು ಕೆರೆದಿದ್ದು ಏನು?"

"ಸಾಹೇಬರ ಮುಖ."

"ಬರಹ ಕೆರೆದ್ಯಾ?"

"ಇಲ್ಲ. ಅದನ್ನ್ಯಾಕೆ ಕೆರೀಲಿ? ಅದು ಅದೇ ತಾನೇ..." ಅಂದವನು ಅಲ್ಲಿಗೇ ನಿಲ್ಲಿಸಿದ.

"ಹೇಳು, ಅದು ಅದೇ ತಾನೇ. ಎರಡು ಡೋಸ್ ಕೊಡಿಸಿ ಅಂತ ಆಗಲೂ ಇತ್ತು, ಈಗಲೂ ಇದೆ. ಮುಖ ಬದಲಾಯ್ತು ಅಂತ ಮಗಳಿಗೆ ಬೇಡ ಅಂತೀಯಲ್ಲ, ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಗಲಿಲ್ವೇನೋ?"

ದೊಡ್ಡವನು ನನ್ನ ಮಗನೇ ತಾನೇ, ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬ್ರಷ್ ಕೆಳಗಿಟ್ಟು ಅಂದ: "ಹೊರಗಿನ ಅಕ್ಷರ ಅದೇ ಅಮ್ಮ. ಸೀಸೆ ಒಳಗಿನ ಔಷಧಿಯೂ ಅದೇ ಅಂತ ಏನು ಗ್ಯಾರಂಟಿ?"

"ಒಳ್ಳೇ ಪ್ರಶ್ನೆ," ಅಂತ ಬಾಗಿಲಿಂದ ಧ್ವನಿ ಬಂತು. ನರ್ಸಮ್ಮ! ಹೆಗಲಲ್ಲಿ ಲಸಿಕೆಯ ತಣ್ಣನೆ ಪೆಟ್ಟಿಗೆ ನೇತಾಡ್ತಿತ್ತು. ಕೇಂದ್ರಕ್ಕೆ ಹೋಗ್ತಾ ನಮ್ಮ ಮನೆ ಗಲಾಟೆ ಕೇಳಿ ನಿಂತಿದ್ರು. ನಮ್ಮ ಮನೆ ಗಲಾಟೆ ಕೇಳದೆ ಆ ಬೀದಿ ದಾಟೋಕೆ ಆಗಲ್ಲ ಬಿಡಿ.

"ಬನ್ನಿ ನರ್ಸಮ್ಮ, ಇವನಿಗೆ ಬುದ್ಧಿ ಹೇಳಿ," ಅಂದೆ.

"ಬುದ್ಧಿ ಯಾಕಜ್ಜಿ, ಪ್ರಶ್ನೆ ಸರಿಯಾಗೇ ಕೇಳಿದ್ದಾರೆ." ಜಗಲಿ ಮೇಲೆ ಕೂತ್ಕೊಂಡ್ರು. "ಪೇಂಟರಣ್ಣ, ಹೋದ ವರ್ಷ ಪುಟ್ಟಿಗೆ ಸೂಜಿ ಹಾಕಿದ್ದು ಯಾರು?"

"ನೀವೇ."

"ಮೀಸೆ ಸಾಹೇಬರು ಬಂದು ಸಿರಿಂಜ್ ತುಂಬಿಸಿ ಕೊಟ್ರಾ?"

ದೊಡ್ಡ ಸೊಸೆ ಸೆರಗು ಬಾಯಿಗಿಟ್ಕೊಂಡು ನಕ್ಕಳು. ದೊಡ್ಡವನು, "ಇಲ್ಲ," ಅಂದ.

"ಇವತ್ತು ಮೇಡಮ್ಮೂ ಬರಲ್ಲ. ನಾನೇ ಇರ್ತೀನಿ. ಯಾವ ಮಗುಗೆ ಎಷ್ಟು ತಿಂಗಳಿಗೆ ಯಾವ ಲಸಿಕೆ ಅಂತ ತೀರ್ಮಾನ ಮಾಡಿರೋದು ವೈದ್ಯರು. ಎಷ್ಟೋ ದೇಶಗಳಲ್ಲಿ ಎಷ್ಟೋ ವರ್ಷದಿಂದ ನಡೀತಿರೋದು. ಕುರ್ಚಿ ಮೇಲೆ ಯಾರೇ ಕೂರಲಿ, ದಡಾರಕ್ಕೆ ಅವರ ಪರಿಚಯ ಇಲ್ಲ."

"ಅದು ಸರಿ ನರ್ಸಮ್ಮ. ಆದ್ರೆ ಕುರ್ಚಿ ಮೇಲೆ ಕೂರೋರನ್ನೆಲ್ಲ ನಂಬೋದು ಹೇಗೆ?" ಅಂದ ದೊಡ್ಡವನು.

ನರ್ಸಮ್ಮ ನಿಟ್ಟುಸಿರು ಬಿಟ್ರು. "ನಿಜ ಹೇಳ್ಲಾ? ನಂಗೂ ಕೋಪ ಇದೆ. ಗುಂಡಿ ತೋಡಿ ಬಿಟ್ಟುಹೋಗೋರು ಯಾರೋ, ಆಮೇಲೆ ಮನೆ ಬಾಗಿಲಲ್ಲಿ ಬೈಸಿಕೊಳ್ಳೋಳು ನಾನು. ಅವರು ಒಂದು ಮಾತು ತಪ್ಪಿದ್ರೆ ಜನ ನನ್ನ ಪೆಟ್ಟಿಗೆ ಮೇಲೂ ಅನುಮಾನ ಪಡ್ತಾರೆ. ಗುಂಡಿ ವಿಷಯಕ್ಕೆ ಸಾಹೇಬರನ್ನ ಹಿಡಿದು ಕೇಳ್ಬೇಕಿತ್ತು. ನಿಮ್ಮ ತಮ್ಮ ಕೇಳಿದ್ರಾ? ಇಲ್ಲ. ಸಿಟ್ಟನ್ನ ತಂದು ಗುಂಡನ ತೋಳಿನ ಮೇಲೆ ತೀರಿಸ್ಕೊಂಡ್ರು."

ಈ ಮಾತು ಚಿಕ್ಕವನಿಗೆ ತಾಗಿತು. ತಲೆ ಕೆರ್ಕೊಂಡ. ಅಣ್ಣನಿಗೆ ಅದನ್ನ ನೋಡಿ ಭಾರಿ ಖುಷಿ.

"ನೀವೇನು ನಗ್ತೀರಾ ಪೇಂಟರಣ್ಣ? ನೀವು ಈಗ ಅದನ್ನೇ ಪುಟ್ಟಿ ಮೇಲೆ ಮಾಡ್ತಿದ್ದೀರ." ನರ್ಸಮ್ಮ ಚಿಕ್ಕವನ ಕಡೆ ತಿರುಗಿದ್ರು. "ಅಂದ ಹಾಗೆ, ಗೋಡೆ ಮೇಲೆ ಒಂದೇ ಸೂಜಿ, ಎಲ್ಲ ಕಾಯಿಲೆ ಮಾಯ ಅಂತ ಬರೆದೋರು ಯಾರು?"

"ನಾನೇ," ಅಂದ ಚಿಕ್ಕವನು, ಎದೆ ಉಬ್ಬಿಸಿ. "ಬಳ್ಳಿ ಚೆನ್ನಾಗಿ ಬಂದಿದೆ ಅಲ್ವಾ?"

"ಬಳ್ಳಿ ಚೆನ್ನಾಗಿದೆ. ಮಾತು ಸುಳ್ಳು. ಈ ಲಸಿಕೆ ದಡಾರಕ್ಕೆ, ಅದರ ಹಾಗೇ ಗಂಧೆ ಏಳಿಸೋ ರುಬೆಲ್ಲಾಗೆ. ಎಲ್ಲ ಕಾಯಿಲೆಗೂ ಅಲ್ಲ. ಒಂದೇ ಸೂಜಿ ಸಾಕು ಅಂತ ಅದನ್ನ ಓದಿ ಎಷ್ಟೋ ತಾಯಂದಿರು ಎರಡನೇದಕ್ಕೆ ಬರ್ತಾನೇ ಇಲ್ಲ. ಮೊದಲನೇ ಡೋಸಲ್ಲಿ ಕೆಲವು ಮಕ್ಕಳಿಗೆ ರೋಗ ತಡೆಯೋ ಶಕ್ತಿ ಬಂದಿರಲ್ಲ, ಎರಡನೇದು ಆದ್ರೇನೇ ಪೂರ್ತಿ ರಕ್ಷಣೆ. ಮೇಡಂ ನಿಜವಾಗಲೂ ಹಾಗಂದ್ರಾ?"

"ಅಂದ... ಹಾಗಿತ್ತು. ಮೈಕ್ ಸರಿಯಿರಲಿಲ್ಲ. ಜನ ಚಪ್ಪಾಳೆ ಹೊಡೆದ್ರು, ನಾನೂ ಹೊಡೆದೆ."

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ," ಅಂದೆ ನಾನು. "ಬೇಡದವರು ಹೇಳಿದ್ದೆಲ್ಲ ಸುಳ್ಳು ಅನ್ನೋದೂ ತಪ್ಪು, ಬೇಕಾದವರು ಹೇಳಿದ್ದೆಲ್ಲ ನಿಜ ಅನ್ನೋದೂ ತಪ್ಪು. ನೀವಿಬ್ಬರೂ ಮಾಡಿದ್ದು ಒಂದೇ ಕಿತಾಪತಿ."

ನರ್ಸಮ್ಮ ಎದ್ರು. "ಪೇಂಟರಣ್ಣ, ನನ್ನನ್ನೂ ಸುಮ್ಮಸುಮ್ಮನೆ ನಂಬಬೇಡಿ. ಕೇಂದ್ರಕ್ಕೆ ಬನ್ನಿ. ಸೀಸೆ ನೀವೇ ನೋಡಿ. ಬಣ್ಣ ಗೊತ್ತಲ್ಲ ನಿಮಗೆ? ನಿಮ್ಮ ಕಣ್ಣಿಗೇ ಕೆಲಸ ಕೊಡ್ತೀನಿ."

"ಬರೀ ನೋಡೋಕೆ ಬರ್ತೀನಿ," ಅಂದ ದೊಡ್ಡವನು. "ಪುಟ್ಟಿ ಮನೇಲಿರಲಿ."

"ಮಗುಗೆ ಸ್ವಲ್ಪ ಗಾಳಿ ಸಿಗಲಿ ಬಿಡಿ," ಅಂತ ದೊಡ್ಡ ಸೊಸೆ ಮಗಳನ್ನ ಸೊಂಟಕ್ಕೇರಿಸ್ಕೊಂಡು ಆಗಲೇ ಚಪ್ಪಲಿ ಹಾಕ್ಕೊಂಡಿದ್ಳು. ಅವಳೂ ಸಾಮಾನ್ಯದೋಳಲ್ಲ.

ಕೇಂದ್ರದ ಕೋಣೆ ಚಿಕ್ಕದು. ಒಂದು ಮೇಜು, ಎರಡು ಬೆಂಚು, ಕಿಟಕಿಗೆ ಹಸಿರು ಪರದೆ. ಯಾವಾಗಲೂ ತುಂಬಿರೋ ಬೆಂಚುಗಳು ಅವತ್ತು ಹೆಚ್ಚುಕಮ್ಮಿ ಖಾಲಿ. ಸಾಹೇಬರ ಕಡೆಯವರು ಮುನಿಸಿಕೊಂಡು ಬಂದಿರಲಿಲ್ಲ, ಮಿಕ್ಕವರು ನಮ್ಮ ಚಿಕ್ಕವನ ನಕ್ಷತ್ರದ ಸಾಲು ಓದಿ ಬಂದಿರಲಿಲ್ಲ. ಹಿಂದಿನ ಬೀದೀಲಿ ಮಗು ಆಸ್ಪತ್ರೆ ಸೇರಿದೆ, ಇಲ್ಲಿ ಬೆಂಚು ಖಾಲಿ ಬಿದ್ದಿದೆ.

ನರ್ಸಮ್ಮ ಕೈ ತೊಳ್ಕೊಂಡು, ಪೆಟ್ಟಿಗೆಯಿಂದ ಹೆಬ್ಬೆರಳಿನಷ್ಟು ಸೀಸೆ ತೆಗೆದ್ರು. ಅದರ ಮುಚ್ಚಳದ ಮೇಲೆ ಒಂದು ಬಣ್ಣದ ವೃತ್ತ, ವೃತ್ತದೊಳಗೆ ಒಂದು ಪುಟಾಣಿ ಚೌಕ.

"ಹೇಳಿ ಪೇಂಟರಣ್ಣ, ವೃತ್ತದ ಬಣ್ಣ ಗಾಢಾನಾ, ಚೌಕದ್ದಾ?"

ದೊಡ್ಡವನು ಸೀಸೆಯನ್ನ ಕಿಟಕಿ ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿದ. ತಲೆ ಆ ಕಡೆ ಈ ಕಡೆ ವಾಲಿಸಿದ. ಇವನು ಎರಡು ಡಬ್ಬಿ ಬಣ್ಣ ಒಂದೇನಾ ಬೇರೆನಾ ಅಂತ ನೋಡೋದೂ ಹೀಗೇ. "ಚೌಕ ತೆಳು ಇದೆ. ಹೆಚ್ಚುಕಮ್ಮಿ ಬಿಳಿ. ವೃತ್ತ ನೇರಳೆ, ಚೆನ್ನಾಗಿ ಗಾಢ ಇದೆ."

"ಲಸಿಕೆಗೆ ಬಿಸಿ ತಾಗಿದಷ್ಟೂ ಆ ಚೌಕ ಕಪ್ಪಾಗ್ತಾ ಹೋಗುತ್ತೆ. ಚೌಕವೂ ವೃತ್ತವೂ ಒಂದೇ ಬಣ್ಣಕ್ಕೆ ಬಂತೋ, ಆ ಸೀಸೆ ನಾನು ಮುಟ್ಟೋ ಹಾಗಿಲ್ಲ. ಚೌಕ ತೆಳು ಇದ್ರೆ ಬಿಸಿಗೆ ಕೆಟ್ಟಿಲ್ಲ ಅಂತ. ಇಲ್ಲಿ ತಾರೀಕು ಇದೆ, ಯಾವಾಗಿನವರೆಗೆ ಬಳಸ್ಬಹುದು ಅಂತ. ಅದೂ ಓದಿ. ಸಿರಿಂಜ್ ಹೊಸದು, ಅದರ ಪ್ಯಾಕೆಟ್ ನಿಮ್ಮ ಕಣ್ಣೆದುರಿಗೇ ಒಡೀತೀನಿ. ಇದನ್ನೆಲ್ಲ ಯಾವ ತಾಯಿ ಬೇಕಾದ್ರೂ ಕೇಳಬಹುದು."

"ಹೋದ ವರ್ಷ ಇದನ್ನ ನಾನು ಕೇಳ್ಲೇ ಇಲ್ವಲ್ಲ?" ಅಂದ ದೊಡ್ಡವನು.

"ಹೋದ ವರ್ಷ ನೀವು ಗೋಡೆ ಮೇಲಿನ ಮುಖ ನೋಡಿ ಮಗಳ ತೋಳು ಚಾಚಿಸಿದ್ರಿ."

ದೊಡ್ಡವನು ತಾರೀಕು ಓದಿದ. ಇನ್ನೊಂದ್ಸಲ ಚೌಕ ನೋಡಿದ. ಆಮೇಲೆ ಹೆಂಡತಿ ಕಡೆ ತಿರುಗಿ, "ಕೊಡೇ ಮಗೂನ," ಅಂದ. ನನ್ನ ಕಣ್ಣು ಒದ್ದೆಯಾಯ್ತು, ಅದನ್ನ್ಯಾಕೆ ಮುಚ್ಚಿಡ್ಲಿ?

ಸೂಜಿ ತಾಗಿದ್ದಕ್ಕೆ ಪುಟ್ಟಿ ಒಂದು ಕೂಗು ಕೂಗಿದ್ಳು ನೋಡಿ, ಕಿಟಕಿ ಪರದೆ ಅಲ್ಲಾಡ್ತು. ದೊಡ್ಡವನು ಅವಳಿಗಿಂತ ಮುಂಚೆ ಕಣ್ಣು ಮುಚ್ಕೊಂಡಿದ್ದ. ಆಮೇಲೆ ಗುಂಡನ ಸರದಿ. "ಇಷ್ಟು ತಡ ಆಯ್ತಲ್ಲ, ಪರವಾಗಿಲ್ವಾ?" ಅಂತ ಚಿಕ್ಕವನು ಹೆದರಿ ಕೇಳಿದ. "ತಡ ಆಯ್ತು ಅಂತ ಬಿಟ್ಟುಬಿಡೋದಲ್ಲ, ಇವತ್ತು ಮೊದಲನೇದು ಹಾಕ್ತೀನಿ. ಎರಡನೇದು ಯಾವತ್ತು ಅಂತ ಹೇಳ್ತೀನಿ, ಆಗ ಯಾರೇ ಗೆದ್ದಿರಲಿ, ಯಾರೇ ಸೋತಿರಲಿ, ಬರ್ಬೇಕು," ಅಂದ್ರು ನರ್ಸಮ್ಮ. ಒಂದು ದಿನ ಸ್ವಲ್ಪ ಮೈ ಬಿಸಿಯಾದ್ರೆ ಗಾಬರಿ ಬೇಡ, ಹೆಚ್ಚಾದ್ರೆ ಬನ್ನಿ ಅಂದ್ರು. ಅರ್ಧ ಗಂಟೆ ಅಲ್ಲೇ ಕೂರಿಸಿದ್ರು.

ಕೂತಿದ್ದಾಗ ಎದುರಿನ ಟೀ ಅಂಗಡಿಯವನು ಇಣುಕಿದ. ಅವನೂ ಸಾಹೇಬರ ಕಡೆಯವನೇ, ನಮ್ಮ ದೊಡ್ಡವನ ಗೆಳೆಯ. "ಏನೋ, ಮೇಡಂ ಸೂಜಿ ಹಾಕಿಸ್ಕೊಂಡ್ಯಾ? ಪಕ್ಷ ಬದಲಾಯಿಸಿದೆಯಾ?"

ಗೆಳೆಯರ ಮುಂದೆ ಇವನು ಸದಾ ಹುಲಿ.

ದೊಡ್ಡವನು ಪುಟ್ಟಿ ಬೆನ್ನು ತಟ್ತಾ ಅಂದ: "ಪಕ್ಷ ಅದೇ ಕಣೋ. ನನ್ನ ವೋಟು ಮತ್ತೆ ಸಾಹೇಬರಿಗೇ. ಆದ್ರೆ ಮಗಳು ಯಾವ ಪಕ್ಷದವಳೂ ಅಲ್ಲ, ಅವಳು ನನ್ನೋಳು. ನಿನ್ನ ಮಗಳಿಗೂ ಇವಳಷ್ಟೇ ವಯಸ್ಸಲ್ವಾ? ಕರ್ಕೊಂಡು ಬಾ. ಸೀಸೆ ಹೇಗೆ ನೋಡೋದು ಅಂತ ನಾನು ತೋರಿಸ್ತೀನಿ."

ಟೀ ಅಂಗಡಿಯವನು ವಾಪಸ್ ಹೋದ. ಸ್ವಲ್ಪ ಹೊತ್ತಿಗೆ ಅಂಗಡಿ ಬಾಗಿಲು ಅರ್ಧ ಎಳೆದು ಮಗಳನ್ನ ಎತ್ಕೊಂಡು ಬಂದ. ಅವನ ಹಿಂದೆ ಇನ್ನೂ ಒಬ್ಬಳು ತಾಯಿ ಬಂದ್ಳು. ಅವನೇ ಬಂದ್ನಲ್ಲ ಅಂತ ಇನ್ನೊಬ್ಬರು ಬಂದ್ರು. ಬೆಂಚು ತುಂಬೋಕೆ ಶುರುವಾಯ್ತು. ಚಿಕ್ಕವನು ಯಾರೂ ಹೇಳದೇನೇ ಎದ್ದು ಹೋಗಿ ಬಿಳಿ ಬಣ್ಣ ತಂದು ತನ್ನ ಬಳ್ಳಿ, ಹೂ, ನಕ್ಷತ್ರದ ಸಾಲನ್ನ ಅಳಿಸ್ತಾ ನಿಂತ. ಮುಖ ಮಾತ್ರ ಸಣ್ಣಗೆ ಮಾಡ್ಕೊಂಡಿದ್ದ ಪಾಪ, ಬಳ್ಳಿ ನಿಜವಾಗಲೂ ಚೆನ್ನಾಗಿ ಬಂದಿತ್ತು.

ಅಷ್ಟರಲ್ಲಿ ಹೊರಗೆ ಒಂದು ಕಾರು ಬಂದು ನಿಂತಿತು. ದೊಡ್ಡವನು ನೆಟ್ಟಗೆ ಕೂತ. ಆ ಕಾರು ಅವನಿಗೆ ಗೊತ್ತಿಲ್ವಾ? ಮೀಸೆ ಸಾಹೇಬರದ್ದು! ಇಳಿದವಳು ಸಾಹೇಬರ ಸೊಸೆ, ಕಂಕುಳಲ್ಲಿ ಸಾಹೇಬರ ಮೊಮ್ಮಗ. ಹೊರಗೋಡೆಯ ಕನ್ನಡಕದ ಮೇಡಂ ಚಿತ್ರದ ಪಕ್ಕದಲ್ಲೇ ಹಾದು ನೇರವಾಗಿ ಒಳಗೆ ಬಂದು, ಸರದೀಲಿ ನಿಂತ್ಳು. "ಎರಡನೇ ಡೋಸ್ ನರ್ಸಮ್ಮ," ಅಂದ್ಳು. ಸಾಹೇಬರೂ ಮೇಡಮ್ಮೂ ವೇದಿಕೆ ಮೇಲೆ ಒಬ್ಬರನ್ನೊಬ್ಬರು ಹರಿದು ತಿನ್ನೋ ಹಾಗೆ ಮಾತಾಡ್ತಾರಲ್ಲ, ಮೊಮ್ಮಗನ ವಿಷಯಕ್ಕೆ ಬಂದ್ರೆ ಅದೆಲ್ಲ ಬದಿಗೆ!

ದೊಡ್ಡವನು ನಂಬೋಕಾಗದೆ ನೋಡ್ತಾ ಕೂತಿದ್ದ. ಅವರು ಹೋದ ಮೇಲೆ ಮೆಲ್ಲಗೆ ಕೇಳಿದ: "ನರ್ಸಮ್ಮ, ಇವರು ಬರ್ತಾರೆ ಅಂತ ನಿಮಗೆ ಗೊತ್ತಿತ್ತಾ?"

"ನಿನ್ನೆಯೇ ಫೋನ್ ಮಾಡಿ ಎಷ್ಟು ಹೊತ್ತಿಗೆ ಬರ್ಲಿ ಅಂತ ಕೇಳಿದ್ರು."

"ಅಯ್ಯೋ! ಬೆಳಿಗ್ಗೆ ಮನೇಲೇ ಹೇಳಿದ್ರೆ ನಾನು ಒಂದೇ ಉಸಿರಿಗೆ ಓಡಿ ಬರ್ತಿದ್ನಲ್ಲ!"

"ಗೊತ್ತು," ಅಂದ್ರು ನರ್ಸಮ್ಮ. "ಅದಕ್ಕೇ ಹೇಳಲಿಲ್ಲ. ಸಾಹೇಬರ ಮನೆಯವರು ಬರ್ತಾರೆ ಅಂತ ಓಡಿ ಬಂದವರು, ನಾಳೆ ಸಾಹೇಬರು ಬೇಡ ಅಂದ್ರೆ ಹಿಂದಕ್ಕೂ ಓಡ್ತೀರ. ಇವತ್ತು ನೀವು ನೋಡಿ ಬಂದ್ರಿ."

ಅಮ್ಮಂದಿರೇ, ಅಪ್ಪಂದಿರೇ, ನನ್ನ ವಯಸ್ಸಿನ ಅಜ್ಜಿಯರೇ, ನಿಮಗೆ ಯಾವ ನಾಯಕರು ಇಷ್ಟವೋ ಅವರಿಗೆ ವೋಟು ಹಾಕಿ. ಮಾತು ತಪ್ಪಿದವರನ್ನ ಬೀದೀಲಿ ನಿಲ್ಲಿಸಿ ಗುಂಡಿ ಯಾಕೆ ಮುಚ್ಚಲಿಲ್ಲ ಅಂತ ಜೋರಾಗಿ ಕೇಳಿ. ನಿಮಗೆ ಬೇಕಾದವರನ್ನ ಇನ್ನೂ ಸ್ವಲ್ಪ ಜೋರಾಗಿ ಕೇಳಿ, ನಮ್ಮವರು ಅಂತ ಬಿಡಬೇಡಿ. ಆದ್ರೆ ಸರ್ಕಾರದಿಂದ ಒಂದು ಯೋಜನೆ ಬಂದಾಗ ಚಪ್ಪಾಳೆ ಹೊಡೆಯೋ ಮುಂಚೆ, ಬೈಯೋ ಮುಂಚೆ, ಮುಖ ಬಿಟ್ಟು ಬರಹ ಓದಿ. ಇದರಿಂದ ಏನಾಗುತ್ತೆ, ಹೇಗೆ ಗೊತ್ತು ಅಂತ ತಿಳಿದವರನ್ನ ಕೇಳಿ. ಸರಿ ಇದ್ರೆ ಬೇಡದವರು ತಂದ್ರೂ ಒಪ್ಕೊಳ್ಳಿ, ತಪ್ಪಿದ್ರೆ ಬೇಕಾದವರು ತಂದ್ರೂ ಬೇಡ ಅನ್ನಿ.

ಮತ್ತೆ, ನಿಮ್ಮ ಮಗುಗೆ ಎರಡನೇ ಡೋಸ್ ಆಗಿದೆಯಾ? ಆಗಿಲ್ಲ ಅಂದ್ರೆ ನನ್ನ ಮಾತು ಕೇಳ್ತಾ ಇಲ್ಲಿ ಯಾಕೆ ಕೂತಿದ್ದೀರಿ? ಏಳಿ, ಮಗೂನ ಎತ್ಕೊಳ್ಳಿ!